ಹಾಲು ಕರೆಯೋ ಕೈಯೇ ಲೆಕ್ಕವನ್ನೂ ನೋಡಲಿ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಮಹಿಳಾ ನಿರ್ದೇಶಕರ ಪರವಾಗಿ ಎರಡು ಮಾತು ಆಡಿ ಅಂತ ಅಧ್ಯಕ್ಷರು ಹೇಳಿದರು. ನಾವು ಎಸ್.ಎಸ್.ಎಲ್.ಸಿ. ಓದಿ, ಹೊಲ ಹಸು ನೋಡಿಕೊಂಡು ಬಂದವರು. ದೊಡ್ಡ ಭಾಷಣ ನಮಗೆ ಬರೋದಿಲ್ಲ. ಆದರೆ "ವ್ಯವಹಾರ ಗಂಡಸರದು, ಹೆಂಗಸರಿಗೆ ಯಾಕೆ?" ಅನ್ನೋ ಮಾತು ನಮ್ಮ ಕಿವಿಗೆ ಇನ್ನೂ ಬೀಳ್ತಾನೇ ಇದೆ. ಇವತ್ತು ಅದರ ಬಗ್ಗೆಯೇ ಹೇಳಬೇಕು ಅಂತ ಬಂದಿದ್ದೇವೆ.

ಬೆಂಗಳೂರಿಗೆ ಹೋದರೆ ನಾವೆಲ್ಲ ಇಳಿಯೋದು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ. ಹಳೇ ಮದ್ರಾಸ್ ರಸ್ತೆಗೆ ರಿಂಗ್ ರೋಡು ಸೇರೋ ಜಾಗ. 2023ರಲ್ಲಿ ಅಲ್ಲೇ ಬೆನ್ನಿಗಾನಹಳ್ಳಿ ಮೆಟ್ರೋ ನಿಲ್ದಾಣವೂ ಶುರುವಾಯಿತು. ಹೂವಿನ ಕುಕ್ಕೆ, ಸೊಪ್ಪಿನ ಮೂಟೆ ಹೊತ್ತು ಆ ಸ್ಟಾಪಿನಲ್ಲಿ ಇಳಿದ ನಮ್ಮ ಹೆಂಗಸರು ಎಷ್ಟು ಜನ! ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಐ.ಟಿ.ಐ. ಕಾರ್ಖಾನೆ ಆರಂಭವಾಯಿತು. ಅಲ್ಲಿ ಟೆಲಿಫೋನ್ ಜೋಡಿಸುವ ಕೆಲಸದಲ್ಲಿ ಎಷ್ಟೋ ಹೆಣ್ಣುಮಕ್ಕಳು ದುಡಿದು ಸಂಸಾರ ಸಾಕಿದರು. ಅಂದಮೇಲೆ ದುಡಿಮೆ ನಮಗೆ ಹೊಸದಲ್ಲ. ಮೇಜಿನ ಆ ಕಡೆ ಕೂತು ತೀರ್ಮಾನ ಮಾಡೋದು, ಚೆಕ್ಕಿಗೆ ಸಹಿ ಹಾಕೋದು, ಇದು ನಮಗೆ ಹೊಸದು.

ನಮ್ಮ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಕಿರಣ್ ಮಜುಂದಾರ್ ಷಾ ಅವರ ಹೆಸರು ಎಲ್ಲರೂ ಕೇಳಿದ್ದೀರಿ. ಅವರ ತಂದೆ ಬಿಯರ್ ತಯಾರಿಕೆಯ ಪರಿಣತರು. ಮಗಳೂ ಆಸ್ಟ್ರೇಲಿಯಾಕ್ಕೆ ಹೋಗಿ 1975ರಲ್ಲಿ ಅದೇ ವಿದ್ಯೆ ಕಲಿತು ಬಂದರು. ಬಂದರೆ ಇಲ್ಲಿ ಕೆಲಸ ಇಲ್ಲ, ಇದು ಗಂಡಸರ ಕೆಲಸ ಅಂದರು. ಆಗ ಅವರು 1978ರಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳ ಹಾಕಿ, ಬಾಡಿಗೆ ಮನೆಯ ಕಾರ್ ಶೆಡ್ಡಿನಲ್ಲಿ ಐರ್ಲೆಂಡಿನ ಒಂದು ಕಂಪನಿಯ ಜೊತೆ ಸೇರಿ ಬಯೋಕಾನ್ ಶುರು ಮಾಡಿದರು. ವಯಸ್ಸು ಇಪ್ಪತ್ತೈದು.

ಅವರು ಮೊದಲು ಮಾಡಿದ ಸರಕು ಯಾವುದು ಗೊತ್ತೇ? ಪರಂಗಿಕಾಯಿ ಹಾಲಿನಿಂದ ತೆಗೆಯುವ ಪಪೇನ್ ಅನ್ನೋ ಕಿಣ್ವ. ನಮ್ಮ ಹಿತ್ತಲಿನ ಪರಂಗಿಕಾಯಿಗೆ ಗೀರು ಹಾಕಿದರೆ ಬಿಳಿ ಹಾಲು ಸುರಿಯುತ್ತಲ್ಲ, ಅದೇ. ನಾವು ಕೈ ಕೆರೆಯುತ್ತೆ ಅಂತ ಒರೆಸಿಕೊಳ್ಳೋದನ್ನ ಅವರು ಒಣಗಿಸಿ ಪರದೇಶಕ್ಕೆ ಕಳಿಸಿದರು. ಆದರೆ ದಾರಿ ಸುಲಭ ಇರಲಿಲ್ಲ. ಬ್ಯಾಂಕುಗಳು ಸಾಲಕ್ಕೆ ತಂದೆಯ ಜಾಮೀನು ಕೇಳಿದವು. ಹೆಂಗಸಿನ ಕೈ ಕೆಳಗೆ ಕೆಲಸ ಮಾಡಲು ಜನ ಹಿಂಜರಿದರು. ಅವರು ಬಿಡಲಿಲ್ಲ. 2004ರಲ್ಲಿ ಕಂಪನಿಯ ಷೇರು ಪೇಟೆಗೆ ಬಂದಾಗ ಇಡೀ ದೇಶ ತಿರುಗಿ ನೋಡಿತು.

"ಅವರು ಓದಿದವರು, ಪಟ್ಟಣದವರು, ನಮ್ಮ ಮಾತು ಬೇರೆ" ಅಂತ ನೀವು ಹೇಳಬಹುದು. ಸರಿ, ಓದಿಲ್ಲದವರ ಮಾತೂ ಇದೆ. ಮುಂಬಯಿಯಲ್ಲಿ 1959ರಲ್ಲಿ ಏಳು ಜನ ಗೃಹಿಣಿಯರು ಎಂಬತ್ತು ರೂಪಾಯಿ ಸಾಲ ತಂದು, ಮನೆಯ ಮಾಳಿಗೆಯ ಮೇಲೆ ಹಪ್ಪಳ ಒತ್ತಿ ಒಣಗಿಸಿದರು. ಅದೇ ಇವತ್ತಿನ ಲಿಜ್ಜತ್ ಹಪ್ಪಳ. ಅಲ್ಲಿ ಹಪ್ಪಳ ಒತ್ತುವವರೇ ಒಡತಿಯರು. ನಮ್ಮ ರಾಜ್ಯದಲ್ಲೂ ಸ್ಟೆಪ್ ಯೋಜನೆಯ ಕೆಳಗೆ ಮಹಿಳಾ ಹಾಲು ಉತ್ಪಾದಕರ ಸಂಘಗಳು ಹುಟ್ಟಿಕೊಂಡವು. ಅವುಗಳನ್ನ ಹೆಂಗಸರೇ ನಡೆಸ್ತಾರೆ. ಹಾಲೇನು ಒಡೆದು ಹೋಗಿಲ್ಲ!

ಈಗ ನಮ್ಮ ಊರಿನ ವಿಷಯಕ್ಕೆ ಬರೋಣ. ಬೆಳಗ್ಗೆ ಐದು ಗಂಟೆಗೆ ಎದ್ದು ಸಗಣಿ ಬಾಚೋರು ಯಾರು? ಹುಲ್ಲು ಕೊಯ್ದು ತರೋರು, ಹಿಂಡಿ ಬೂಸ ಕಲಸೋರು, ಹಸು ಬೆದೆಗೆ ಬಂದಿದ್ದು, ಕೆಚ್ಚಲು ಬಾತಿದ್ದು ಮೊದಲು ಕಂಡುಹಿಡಿಯೋರು ಯಾರು? ಡೈರಿಗೆ ಹಾಲು ತಂದು ಹಾಕೋ ಸಾಲಿನಲ್ಲೂ ಹೆಂಗಸರೇ ಹೆಚ್ಚು. ಆದರೆ ಪಾಸ್ ಪುಸ್ತಕ ಯಜಮಾನರ ಹೆಸರಲ್ಲಿ. ಬಟವಾಡೆ ಹೋಗೋದು ಅವರ ಖಾತೆಗೆ. ಸದಸ್ಯತ್ವ ಅವರದಾದ್ದರಿಂದ ಸರ್ವ ಸದಸ್ಯರ ಸಭೆಯಲ್ಲಿ ಕೂರೋರು ಅವರು, ಓಟು ಹಾಕೋರೂ ಅವರು.

ಗಂಡಸರ ಮೇಲೆ ದೂರು ಹೇಳ್ತಾ ಇದ್ದೇವೆ ಅಂತ ದಯಮಾಡಿ ತಿಳಿಯಬೇಡಿ. ಇದು ಸಂಘದ ಲಾಭ ನಷ್ಟದ ಮಾತು. ಫ್ಯಾಟು, ಎಸ್.ಎನ್.ಎಫ್. ಯಾಕೆ ಇಳೀತು ಅಂತ ಸಭೆಯಲ್ಲಿ ಚರ್ಚೆ ಆದರೆ, ಹಸುವಿನ ಬಾಯಿಗೆ ಏನು ಬೀಳ್ತಾ ಇದೆ ಅಂತ ಗೊತ್ತಿರೋರು ಆ ಸಭೆಯಲ್ಲಿ ಇರೋದಿಲ್ಲ, ಮನೆಯಲ್ಲಿರ್ತಾರೆ. ಹಾಗಾದರೆ ಆ ಚರ್ಚೆಯಿಂದ ಏನು ಪ್ರಯೋಜನ?

ಸಂವಿಧಾನದ 97ನೇ ತಿದ್ದುಪಡಿ 2011ರಲ್ಲಿ ಆಯಿತು. ಸಹಕಾರ ಸಂಘದ ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಅಂತ ಅದರಲ್ಲಿ ಬರೆದರು. ರಾಜ್ಯದ ಸಂಘಗಳಿಗೆ ಆ ಭಾಗ ಅನ್ವಯಿಸೋದಿಲ್ಲ, ಅದು ರಾಜ್ಯದ ವಿಷಯ ಅಂತ 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೂ ನಮ್ಮ ರಾಜ್ಯದ ಕಾಯ್ದೆಯಲ್ಲಿ ಮಹಿಳಾ ಮೀಸಲು ಇದೆ. ನಾವು ನಿರ್ದೇಶಕರಾಗಿ ಬಂದಿದ್ದು ಹಾಗೆ. ಆರಂಭದಲ್ಲಿ ಒಂದು ಕಚೇರಿಗೆ ಸಂಘದ ಕೆಲಸಕ್ಕೆ ಹೋದಾಗ, "ಯಾಕಮ್ಮಾ, ನಿಮ್ಮ ಯಜಮಾನ್ರು ಬರ್ಲಿಲ್ವಾ?" ಅಂತ ಕೇಳಿದರು. "ನಿರ್ದೇಶಕರು ನಾವು ಸ್ವಾಮಿ, ಅವರು ಹೊಲದಲ್ಲಿದ್ದಾರೆ" ಅಂದೆವು. ಆಮೇಲೆ ಕುರ್ಚಿ ಕೊಟ್ಟರು.

ಮೀಸಲು ಕುರ್ಚಿ ಕೊಡಿಸುತ್ತೆ, ಮರ್ಯಾದೆ ನಾವೇ ಸಂಪಾದಿಸಬೇಕು. ಅದಕ್ಕೆ ನಾವು ಕಂಡುಕೊಂಡ ದಾರಿ ಇಷ್ಟು. ನಡವಳಿ ಪುಸ್ತಕ ಓದದೆ ಸಹಿ ಹಾಕಬಾರದು. ಜಮಾ ಖರ್ಚು ಪಟ್ಟಿಯಲ್ಲಿ ತಿಳಿಯದ ಬಾಬತ್ತು ಇದ್ದರೆ ನಾಚಿಕೆ ಬಿಟ್ಟು ಕೇಳಬೇಕು. ಪಶು ಆಹಾರದ ದಾಸ್ತಾನನ್ನ ಮೂಟೆ ಎಣಿಸಿಯೇ ಒಪ್ಪಬೇಕು. ಮಾತಾಡುವಾಗ ಅಂಕಿ ಇಟ್ಟುಕೊಂಡು ಮಾತಾಡಬೇಕು. ಕೂಗಿದವರ ಮಾತನ್ನ ಜನ ಸಂಜೆಗೇ ಮರೀತಾರೆ, ಲೆಕ್ಕ ಕೇಳಿದವರನ್ನ ಮರೆಯೋದಿಲ್ಲ. ನಮ್ಮ ಬದಲು ಮನೆಯವರನ್ನ ಸಭೆಗೆ ಕಳಿಸೋದಂತೂ ಬೇಡವೇ ಬೇಡ. ಹಾಗೆ ಮಾಡಿದರೆ ಆ ಸ್ಥಾನ ಇದ್ದೂ ಇಲ್ಲದ ಹಾಗೆ.

ಕೊನೆಯದಾಗಿ ಸದಸ್ಯ ಬಂಧುಗಳಲ್ಲಿ ಒಂದು ವಿನಂತಿ. ಹಾಲಿನ ಸಂಘದ ಸದಸ್ಯರಾಗಲು ಪಹಣಿ ಬೇಕಾಗಿಲ್ಲ. ಹಸು ಇರಬೇಕು, ಹಾಲು ಹಾಕಬೇಕು, ಷೇರು ಹಣ ಕಟ್ಟಬೇಕು. ಜಮೀನು ಅವಳ ಹೆಸರಲ್ಲಿ ಇಲ್ಲ ಅನ್ನೋ ನೆಪ ಇಲ್ಲಿ ನಡೆಯೋದಿಲ್ಲ. ಹಸು ನೋಡಿಕೊಳ್ಳೋದು ಹೆಂಗಸಾದರೆ ಸದಸ್ಯತ್ವವೂ ಪಾಸ್ ಪುಸ್ತಕವೂ ಅವಳ ಹೆಸರಿಗೇ ಆಗಲಿ. ಮುಂದಿನ ಚುನಾವಣೆ ಹೊತ್ತಿಗೆ ಓಟಿನ ಪಟ್ಟಿಯಲ್ಲಿ ಹೆಂಗಸರ ಹೆಸರು ಅರ್ಧ ಆದರೂ ಇರಲಿ. ಆಗ ಮೀಸಲು ಸ್ಥಾನ ಬಿಟ್ಟು ಸಾಮಾನ್ಯ ಸ್ಥಾನಕ್ಕೂ ನಮ್ಮವರು ನಿಲ್ಲಬಹುದು. ಅಧ್ಯಕ್ಷರ ಕುರ್ಚಿಯಲ್ಲೂ ಒಬ್ಬ ತಾಯಿ ಕೂರಬಹುದು. ಈಗಿನ ಅಧ್ಯಕ್ಷರು ನಗ್ತಾ ಇದ್ದಾರೆ, ಅಂದರೆ ಅವರಿಗೂ ಒಪ್ಪಿಗೆ ಅಂತ ನಾವು ತಿಳಿದುಕೊಂಡಿದ್ದೇವೆ.



ಜೈ ಸಹಕಾರ, ಜೈ ಕರ್ನಾಟಕ.