ಮುಳ್ಳುಚಮಚ ಮತ್ತು ಬೇರೆ ಲೋಟ



ಊಟದ ಉಪಕರಣಗಳ ಚರಿತ್ರೆಯಲ್ಲಿ ಹೆಸರು ಉಳಿಸಿಕೊಂಡ ಒಬ್ಬ ಇಂಗ್ಲಿಷ್ ಯಾತ್ರಿಕನು ಕೊನೆಯುಸಿರೆಳೆದದ್ದು ಸೂರತ್ತಿನಲ್ಲಿ. ಅಲೆಪ್ಪೊದಿಂದ ಅಜ್ಮೀರದವರೆಗೆ ಕಾಲ್ನಡಿಗೆಯಲ್ಲಿ ಬಂದಿದ್ದ ಥಾಮಸ್ ಕೊರ್ಯಾಟ್ 1617ರ ಡಿಸೆಂಬರಿನಲ್ಲಿ ಅಲ್ಲಿ ಅತಿಸಾರದಿಂದ ತೀರಿಕೊಂಡನು. 1608ರಲ್ಲಿ ಇಟಲಿಯನ್ನು ಸುತ್ತಿದಾಗ ಅಲ್ಲಿನವರು ಮುಳ್ಳುಚಮಚ ಹಿಡಿದು ಉಣ್ಣುವುದನ್ನು ಅವನು ಕಂಡಿದ್ದನು. ಅದನ್ನು 1611ರ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಲ್ಲದೆ, ಊರಿಗೆ ಮರಳಿದ ಮೇಲೂ ಬಳಸಿದನು. ಗೆಳೆಯನೊಬ್ಬನು ಅವನನ್ನು ‘ಫರ್ಸಿಫರ್’ ಎಂದು ಹಾಸ್ಯ ಮಾಡಿದನಂತೆ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಕವಲುಗೋಲು ಹೊತ್ತವನೆಂದೂ ಪೋಕರಿಯೆಂದೂ ಅರ್ಥ!

ಆ ಪದ್ಧತಿಗೆ ಕೊರ್ಯಾಟ್ ಕೊಡುವ ಕಾರಣ ಗಮನಾರ್ಹ. ಎಲ್ಲರ ಬೆರಳೂ ಒಂದೇ ಸಮನೆ ಶುಚಿಯಾಗಿರುವುದಿಲ್ಲ. ಆದುದರಿಂದ ಪಂಕ್ತಿಗೆಲ್ಲ ಸೇರಿದ ಹರಿವಾಣವನ್ನು ಯಾರೂ ಬೆರಳಿನಿಂದ ಮುಟ್ಟಬಾರದು. ಅಂದರೆ ಅಲ್ಲಿ ಅನುಮಾನವಿದ್ದದ್ದು ಪರರ ಕೈಯ ಮೇಲೆ.

ಜೈನ ಆಚಾರದ ದೃಷ್ಟಿ ಬೇರೆ. ದಿಗಂಬರ ಮುನಿಗಳು ನಿಂತು, ಜೋಡಿಸಿದ ಅಂಗೈಯಲ್ಲೇ ಆಹಾರ ಸ್ವೀಕರಿಸುವರು, ಪಾತ್ರೆಯೇ ಪರಿಗ್ರಹ. ಶ್ವೇತಾಂಬರ ಸಾಧುಗಳಿಗೆ ಮರದ ಪಾತ್ರೆಗಳುಂಟು. ಗುಜರಾತಿನ ವ್ರತನಿಷ್ಠ ಶ್ರಾವಕರು ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವರು. ಉಳಿದ ಎಂಜಲಿನಲ್ಲಿ ಜೀವೋತ್ಪತ್ತಿಯಾಗಿ ಹಿಂಸೆ ನಡೆಯಬಾರದೆಂಬ ಎಚ್ಚರ ಅದು. ಇಲ್ಲಿ ಶಂಕೆಯಿರುವುದು ತನ್ನ ಎಂಜಲಿನ ಮೇಲೆ. ಮುಟ್ಟಿದವನ ಕುಲದ ಮಾತೇ ಇಲ್ಲ.

ಹಾಗಾದರೆ ಇಂದು ಅದೆಷ್ಟೋ ಅಡುಗೆಮನೆಗಳಲ್ಲಿ ಕೆಲಸದಾಕೆಗೆಂದು ಮೀಸಲಾದ ಲೋಟ ಎಲ್ಲಿಂದ ಬಂತು? ಆಗಮದಿಂದಲ್ಲ, ನೆರೆಹೊರೆಯ ಜಾತಿಪದ್ಧತಿಯಿಂದ.

1689ರಲ್ಲಿ ಸೂರತ್ತಿಗೆ ಬಂದ ಪಾದ್ರಿ ಜಾನ್ ಓವಿಂಗ್‌ಟನ್ ಅಲ್ಲಿಯ ಇಂಗ್ಲಿಷ್ ಕೋಠಿಯ ಬೆಳ್ಳಿಯ ತಟ್ಟೆಗಳನ್ನೂ ಬಟ್ಟಲುಗಳನ್ನೂ ವರ್ಣಿಸಿದ್ದಾನೆ. ಬನಿಯಾಗಳು ನಡೆಸುತ್ತಿದ್ದ ಪ್ರಾಣಿಗಳ ಆಸ್ಪತ್ರೆಯ ಸಂಗತಿಯೂ ಅವನ ಪುಸ್ತಕದಲ್ಲಿದೆ. ತಿಗಣೆ-ಚಿಗಟಗಳ ಆಹಾರಕ್ಕಾಗಿ ಬಡವನೊಬ್ಬನನ್ನು ಕೂಲಿ ಕೊಟ್ಟು ರಾತ್ರಿ ಮಂಚದ ಮೇಲೆ ಮಲಗಿಸುತ್ತಿದ್ದರೆಂದು ಅವನು ಬರೆಯುತ್ತಾನೆ. ಪರದೇಶಿಯ ಮಾತಿನಲ್ಲಿ ಉತ್ಪ್ರೇಕ್ಷೆಯಿದ್ದರೂ ಇರಲಿ. ಚಿಗಟದ ಹಸಿವನ್ನು ಕಂಡ ಕರುಣೆಗೆ ಮಂಚದ ಮೇಲಿನ ಮನುಷ್ಯನು ಕಾಣಿಸಲಿಲ್ಲವೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಹೋಟೆಲು, ಧರ್ಮಶಾಲೆಗಳಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳನ್ನು ಅಸ್ಪೃಶ್ಯತೆಯ ಕಾರಣದಿಂದ ಯಾರಿಗೂ ನಿರಾಕರಿಸಬಾರದೆಂದು 1955ರ ಕಾನೂನು ಹೇಳುತ್ತದೆ. ಸಮಾಜದ ಧರ್ಮಶಾಲೆಗಳಿಗೂ ಅದು ಅನ್ವಯಿಸುತ್ತದೆ. ಮನೆಯೊಳಗಿನ ಪಾತ್ರೆಯ ಗೂಡು ಮಾತ್ರ ಅದರ ಕೈಗೆ ಸಿಗುವುದಿಲ್ಲ. ಆ ಗೂಡಿನ ಮೂಲೆಯ ಲೋಟವನ್ನು ಉಳಿದ ಲೋಟಗಳ ಸಾಲಿಗೆ ತಂದಿಡಲು ಯಾವ ಮುನಿಗಳ ಅಪ್ಪಣೆಯೂ ಬೇಕಾಗಿಲ್ಲ, ಯಾವ ಸಭೆಯ ಠರಾವೂ ಬೇಕಾಗಿಲ್ಲ.