ಮಾಲ್ಟಾದ ಲೈಸೆನ್ಸು, ಚಾಂದ್‌ಖೇಡಾದ ಬಾಜಿ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹರೂಪ)

ಇವತ್ತು ಹಾಡಿನ ಕೋರಿಕೆಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಒಂದು ಫೋನ್ ಕರೆಯ ವಿಷಯ ಹೇಳುತ್ತೇನೆ. ಕರೆ ಮಾಡಿದವರು ಚಾಂದ್‌ಖೇಡಾದಲ್ಲಿರುವ ನಮ್ಮ ಹಳೆಯ ಕೇಳುಗರು, ಮೂಲತಃ ಧಾರವಾಡದ ಕಡೆಯವರು. ಸಾಮಾನ್ಯವಾಗಿ ಅವರು ಕೇಳುವುದು ಭಾವಗೀತೆ. ಈ ಸಲ ಕೇಳಿದ್ದೇ ಬೇರೆ.

“ಅಲ್ರೀ ಮೇಡಂ, ಯುರೋಪಿನ ಲೈಸೆನ್ಸ್ ಇದ್ದ ಬೆಟ್ಟಿಂಗ್ ಕಂಪನಿ ಆದ್ರ ಅದು ಕಾಯ್ದೇಶೀರ ಆಗತೈತೇನ್ರೀ? ಟ್ಯಾಕ್ಸಿಂದೂ ತ್ರಾಸ ಇರೂದಿಲ್ಲ ಅಂತ ನಮ್ಮ ಅಕ್ಕನ ಮಗ ಹೇಳ್ತಾನ್ರೀ.”

ಈ ಅಕ್ಕನ ಮಗ ಕೆಲಸಕ್ಕೆಂದು ಅಹಮದಾಬಾದಿಗೆ ಬಂದು ಮಾವನ ಮನೆಯಲ್ಲೇ ಇರುವ ಹುಡುಗ. ಅವರಿಬ್ಬರ ಒಪ್ಪಿಗೆ ಪಡೆದೇ, ಹೆಸರು ಬಿಟ್ಟು, ಕತೆ ಹೇಳುತ್ತಿದ್ದೇನೆ.

ಚಾಂದ್‌ಖೇಡಾದವರಿಗೆ ಮೊಟೇರಾದ ಮೈದಾನ ಮನೆಯ ಹಿತ್ತಲಿದ್ದ ಹಾಗೆ. ಪಂದ್ಯದ ರಾತ್ರಿ ಅಲ್ಲಿಯ ಗದ್ದಲ, ವಾಹನಗಳ ಸಾಲು ಎಲ್ಲವೂ ಇವರ ಪಾಲಿಗೆ. 2025ರ ಜೂನ್ 3ನ್ನು ನಮ್ಮವರು ಮರೆಯುವುದುಂಟೆ? ಹದಿನೆಂಟು ವರ್ಷ ಕಾದ ಮೇಲೆ ಬೆಂಗಳೂರು ತಂಡ ಐಪಿಎಲ್ ಗೆದ್ದದ್ದು ಇದೇ ಮೈದಾನದಲ್ಲಿ, ಪಂಜಾಬಿನ ಮೇಲೆ 6 ರನ್‌ಗಳಿಂದ. ಆ ರಾತ್ರಿ ನಮ್ಮ ಹುಡುಗ ಫೋನಿನಲ್ಲಿ ಬೆಂಗಳೂರಿನ ಮೇಲೆ 40 ಸಾವಿರ ಬಾಜಿ ಕಟ್ಟಿದ್ದ. ತಂಡ ಗೆದ್ದಿತು, ಪರದೆಯ ಮೇಲೆ 70 ಸಾವಿರ ಮೂಡಿತು. ಹಣ ತೆಗೆಯಲು ಹೋದರೆ, “ಮೊದಲು ಶೇಕಡಾ 30 ತೆರಿಗೆ ಕಟ್ಟಿ, ನಂತರ ಬಿಡುಗಡೆ” ಎಂಬ ಸಂದೇಶ. 21 ಸಾವಿರ ಕಟ್ಟಿದ. ಆಮೇಲೆ ಅತ್ತ ಕಡೆಯಿಂದ ಉತ್ತರವೇ ಇಲ್ಲ.

ಅಷ್ಟಕ್ಕೇ ಮುಗಿದಿದ್ದರೆ ದುಡ್ಡು ಹೋಯಿತು ಎಂದು ಸುಮ್ಮನಿರಬಹುದಿತ್ತು. ಎರಡು ತಿಂಗಳ ಬಳಿಕ ಅವನ ಸಂಬಳದ ಖಾತೆಯೇ ಫ್ರೀಜ್ ಆಯಿತು. ಹಿಂದೆ ಅದೇ ಕಂಪನಿ ಗೆಲುವಿನ ಹಣವೆಂದು 3 ಸಾವಿರ ಹಾಕಿತ್ತಂತೆ. ಅದು ಬಂದದ್ದು ಕಂಪನಿಯ ಖಾತೆಯಿಂದಲ್ಲ, ಯಾರೋ ಅಪರಿಚಿತರ ಖಾತೆಯಿಂದ. ಆ ಖಾತೆ ಇನ್ಯಾವುದೋ ರಾಜ್ಯದ ವಂಚನೆ ಪ್ರಕರಣದಲ್ಲಿ ಸಿಕ್ಕಿಬಿದ್ದಿತ್ತು. ಹಣ ಎಲ್ಲೆಲ್ಲಿ ಹರಿಯಿತೋ ಅಲ್ಲೆಲ್ಲ ಪೊಲೀಸರು ತಡೆ ಹಾಕಿಸಿದರು. ಮನೆಗೆ ಕಳಿಸಬೇಕಾದ ದುಡ್ಡಿಗೆ ಹುಡುಗ ಮಾವನ ಮುಂದೆ ಕೈಯೊಡ್ಡಿದಾಗಲೇ ವಿಷಯ ಹೊರಬಿದ್ದದ್ದು.

ಈಗ ಮಾವನ ಚಿಂತೆ ಕಳೆದುಹೋದ ಹಣದ್ದಲ್ಲ. “ಅದು ಖೊಟ್ಟಿ ಕಂಪನಿ ಇತ್ತು, ಖರೇ ಲೈಸೆನ್ಸ್ ಇದ್ದದ್ದು ಆರಿಸಿದ್ರ ಹಿಂಗ ಆಗ್ತಿರಲಿಲ್ಲ ಅಂತಾನ್ರೀ. ಮಾಲ್ಟಾದ್ದು, ಜಿಬ್ರಾಲ್ಟರಿಂದು ಹುಡುಕಾಕತ್ತಾನ.” ಅಂದರೆ ಹುಡುಗ ಕಳೆದದ್ದನ್ನು ಮರಳಿ ಗಳಿಸಲು ಮತ್ತೆ ಇಳಿಯುವವನಿದ್ದಾನೆ, ಈ ಸಲ ಕಾಗದಪತ್ರ ಸರಿಯಿದ್ದ ಕಂಪನಿಯ ಜೊತೆ.

ಹುಡುಗನ ತರ್ಕ ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ಔಷಧಿ ಅಂಗಡಿಯಲ್ಲಿ ನಾವು ಲೈಸೆನ್ಸು ನೋಡುವುದಿಲ್ಲವೆ? ಆದರೆ ಲೈಸೆನ್ಸಿಗೆ ಒಂದು ಊರು ಇರುತ್ತದೆ. ನಮ್ಮ ಬೆಂಗಳೂರಿನ ರೇಸ್ ಕೋರ್ಸನ್ನೇ ತೆಗೆದುಕೊಳ್ಳಿ. 1963ರ ಪೊಲೀಸ್ ಕಾಯ್ದೆಯ ಪ್ರಕಾರ ಕುದುರೆ ಪಂದ್ಯದ ಬಾಜಿ ಜೂಜಲ್ಲ. ಆದರೆ ಅದು ಪಂದ್ಯದ ದಿನವೇ, ಅದಕ್ಕೆಂದು ಗೊತ್ತುಮಾಡಿದ ಆವರಣದೊಳಗೇ ನಡೆಯಬೇಕು. ಅದೇ ಲೈಸೆನ್ಸಿನ ಬುಕ್ಕಿ ಗೇಟು ದಾಟಿ ರಸ್ತೆಗೆ ಬಂದು ಬಾಜಿ ಬರೆದುಕೊಂಡರೆ ಓಸಿ ಬರೆಯುವವನಿಗೂ ಅವನಿಗೂ ವ್ಯತ್ಯಾಸವಿಲ್ಲ.

ಯುರೋಪಿನವರೂ ಇದನ್ನೇ ಹೇಳುತ್ತಾರೆ ಎಂದರೆ ನಿಮಗೆ ಆಶ್ಚರ್ಯವಾದೀತು. ಜಿಬ್ರಾಲ್ಟರಿನಲ್ಲಿ ಲೈಸೆನ್ಸ್ ಪಡೆದ ಬಿವಿನ್ ಎಂಬ ಕಂಪನಿ ಪೋರ್ಚುಗಲ್ಲಿನ ಫುಟ್‌ಬಾಲ್ ಲೀಗಿನ ಪ್ರಾಯೋಜಕನಾಗಿ ಅಲ್ಲಿಯ ಜನರಿಂದ ಬಾಜಿ ತೆಗೆದುಕೊಂಡಿತು. ಪೋರ್ಚುಗಲ್ ದಂಡ ಹಾಕಿತು. ವ್ಯಾಜ್ಯ ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯದವರೆಗೆ ಹೋಯಿತು. ಒಂದು ದೇಶದ ಲೈಸೆನ್ಸನ್ನು ಇನ್ನೊಂದು ದೇಶ ಒಪ್ಪಲೇಬೇಕೆಂದಿಲ್ಲ ಎಂದು 2009ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಬ್ರಿಟನ್ 2014ರಲ್ಲಿ ಕಾನೂನು ಬದಲಿಸಿ, ಕಂಪನಿ ಎಲ್ಲಿಯದಾದರೂ ಇರಲಿ, ಬ್ರಿಟನ್ನಿನಲ್ಲಿರುವ ಗಿರಾಕಿಯಿಂದ ಬಾಜಿ ತೆಗೆದುಕೊಳ್ಳಲು ತನ್ನ ಲೈಸೆನ್ಸೇ ಬೇಕು ಎಂದಿತು. ಬಾಜಿ ಕಟ್ಟುವವನು ಎಲ್ಲಿ ಕೂತಿದ್ದಾನೆ ಎಂಬುದೇ ಮುಖ್ಯ. ಲಿಸ್ಬನ್ನಿನಲ್ಲಿ ನಡೆಯದ ಜಿಬ್ರಾಲ್ಟರಿನ ಕಾಗದ ಚಾಂದ್‌ಖೇಡಾದಲ್ಲಿ ನಡೆದೀತೆ?

ಇನ್ನೊಂದು ತಮಾಷೆ. ‘ಯುರೋಪಿನ ಲೈಸೆನ್ಸ್’ ಎಂದು ಹೇಳಿಕೊಳ್ಳುವ ಕೆಲವರ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಕುರಸಾವೊ ಎಂದಿರುತ್ತದೆ. ನೆದರ್‌ಲೆಂಡ್ಸ್ ಅರಸೊತ್ತಿಗೆಗೆ ಸೇರಿದ್ದು ನಿಜ, ಆದರೆ ಅದು ವೆನೆಜುವೆಲಾದ ಕರಾವಳಿಯ ಹತ್ತಿರದ ದ್ವೀಪ. ಭೂಪಟ ತೆರೆದು ನೋಡಿ.

ಇನ್ನು ನಮ್ಮ ದೇಶದ ಕಾನೂನು. ಗುಜರಾತಿನಲ್ಲಿ ಇರುವುದು 1887ರ ಜೂಜು ತಡೆ ಕಾಯ್ದೆ, ಹಳೆಯ ಬಾಂಬೆ ಪ್ರಾಂತ್ಯದ್ದು. ಒಂದು ಕಾಲಕ್ಕೆ ಧಾರವಾಡ, ಬೆಳಗಾವಿಗೂ ಅಹಮದಾಬಾದಿಗೂ ಇದೊಂದೇ ಕಾಯ್ದೆ; ನಮ್ಮ ಕೇಳುಗರಿಗೆ ಇದನ್ನು ಹೇಳಿದಾಗ ಅವರಿಗೆ ನಗು ಬಂತು. ಇದರ ಮೇಲೆ ಈಗ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದಿದೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಈ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನೇ ನಿಷೇಧಿಸುತ್ತದೆ. ಪರದೇಶದಿಂದ ನಡೆಸುವವರಿಗೂ ಅನ್ವಯ ಎಂದು ಅದರಲ್ಲೇ ಬರೆದಿದೆ. ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿಯವರೆಗೆ ದಂಡ. ಅದರ ವಿರುದ್ಧದ ಅರ್ಜಿಗಳು ಸುಪ್ರೀಂ ಕೋರ್ಟಿಗೂ ಹೋಗಿವೆ. ಆಡುವವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ, ಅದು ನಿಜ. ಆದರೆ ಶಿಕ್ಷೆಯಿಲ್ಲ ಎಂದರೆ ರಕ್ಷಣೆ ಇದೆ ಎಂದಲ್ಲ. ಬಾಜಿಯ ಒಪ್ಪಂದ ಅನೂರ್ಜಿತ ಎಂದು 1872ರ ಕರಾರು ಕಾಯ್ದೆಯೇ ಹೇಳುತ್ತದೆ. ಗೆದ್ದ ಹಣ ಕೊಡಲಿಲ್ಲ ಎಂದು ನೀವು ಇಲ್ಲಿಯ ಕೋರ್ಟಿನ ಮೆಟ್ಟಿಲು ಹತ್ತಿದರೆ ಪ್ರಯೋಜನವಿಲ್ಲ.

ತೆರಿಗೆಯ ಮಾತು ಎಲ್ಲಿಂದ ಹುಟ್ಟಿತು? ಅದಕ್ಕೂ ಒಂದು ಮೂಲವಿದೆ. ಬ್ರಿಟನ್ 2001ರಲ್ಲಿ ಬಾಜಿ ಕಟ್ಟುವವರ ಮೇಲೆ ಬೀಳುತ್ತಿದ್ದ ತೆರಿಗೆ ತೆಗೆದು ಬುಕ್ಕಿಯ ಲಾಭದ ಮೇಲೆ ಹಾಕಿತು. ಅಲ್ಲಿ ನೆಲೆಸಿರುವ ನಿಮ್ಮ ಮಗನೋ ಮಗಳೋ ಗೆದ್ದರೆ ಆ ಹಣಕ್ಕೆ ತೆರಿಗೆಯಿಲ್ಲ. ಜರ್ಮನಿಯಲ್ಲಾದರೆ ಕಟ್ಟಿದ ಮೊತ್ತದ ಮೇಲೇ ಶೇಕಡಾ 5.3. ಅಂದರೆ ‘ಯುರೋಪಿನ ತೆರಿಗೆ’ ಎಂಬ ಒಂದೇ ವಸ್ತು ಇಲ್ಲವೇ ಇಲ್ಲ. ಭಾರತದ ನಿವಾಸಿಗೆ ಜಗತ್ತಿನ ಎಲ್ಲಿಂದ ಬಂದ ಆದಾಯಕ್ಕೂ ಇಲ್ಲಿ ತೆರಿಗೆ. ಬಾಜಿಯ ಗೆಲುವಿಗೆ ನೇರ ಶೇಕಡಾ 30, ಸೆಸ್ ಸೇರಿ 31.2. ಮೂಲ ವಿನಾಯಿತಿ ಮಿತಿಯ ಲೆಕ್ಕ ಇಲ್ಲಿ ಬರುವುದಿಲ್ಲ, ಬೇರೆ ಕಡೆ ಆದ ನಷ್ಟವನ್ನು ಇದರಲ್ಲಿ ವಜಾ ಹಾಕುವ ಹಾಗೂ ಇಲ್ಲ. ಪರದೇಶದ ಕಂಪನಿ ಮೂಲದಲ್ಲಿ ಕಡಿತ ಮಾಡದಿದ್ದರೆ ತೆರಿಗೆ ಉಳಿಯಿತು ಎಂದು ಹುಡುಗರು ತಿಳಿಯುತ್ತಾರೆ. ಆಗ ಕಟ್ಟುವ ಹೊಣೆ ಪೂರ್ತಿ ಅವರ ತಲೆಗೇ. ಮತ್ತೆ, “ತೆರಿಗೆ ನಮಗೆ ಕಟ್ಟಿ, ಆಮೇಲೆ ಹಣ ಬಿಡುತ್ತೇವೆ” ಎಂದು ಕೇಳುವವನು ಕಳ್ಳನೇ. ಆದಾಯ ತೆರಿಗೆ ಹೋಗುವುದು ಸರ್ಕಾರದ ಖಜಾನೆಗೆ, ಯಾರದೋ ಯುಪಿಐ ಐಡಿಗೆ ಅಲ್ಲ.

ಹಣ ಕಳಿಸುವ ದಾರಿಯೂ ಮುಚ್ಚಿದೆ. ವಿದೇಶಿ ವಿನಿಮಯದ 2000ದ ನಿಯಮಗಳಲ್ಲಿ ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್ಸ್ ಇತ್ಯಾದಿಗೆ ಹಣ ಕಳಿಸುವುದು ನಿಷಿದ್ಧ. ನಿಜವಾದ ಲೈಸೆನ್ಸಿನ ಕಂಪನಿಗೆ ನೇರವಾಗಿ ಬ್ಯಾಂಕಿನಿಂದ ಹಣ ಕಳಿಸಲಾಗದು ಎಂದಮೇಲೆ ನಡುವೆ ಏಜೆಂಟ್ ಬರಲೇಬೇಕು, ಬಾಡಿಗೆ ಖಾತೆ ಬರಲೇಬೇಕು. ಹುಡುಗನ ಸಂಬಳದ ಖಾತೆ ಸಿಕ್ಕಿಬಿದ್ದದ್ದು ಅಲ್ಲೇ. ಕಂಪನಿ ಖೊಟ್ಟಿಯೋ ಖರೆಯೋ ಎಂಬುದು ಆಮೇಲಿನ ಮಾತು.

ದೂರದ ಕಾಗದವನ್ನು ನಂಬಿ ಮೋಸಹೋಗುವುದು ನಮ್ಮವರ ಕೆಲಸ ಮಾತ್ರವಲ್ಲ ಬಿಡಿ. ಚಾಂದ್‌ಖೇಡಾದಿಂದ ಹೊರಟು ಮೆಹಸಾಣಾ ಹೆದ್ದಾರಿ ಹಿಡಿದರೆ ಆ ಜಿಲ್ಲೆಯಲ್ಲಿ ಮೋಲಿಪುರ ಎಂಬ ಹಳ್ಳಿ ಸಿಗುತ್ತದೆ. 2022ರಲ್ಲಿ ಅಲ್ಲಿನ ಹೊಲವೊಂದರಲ್ಲಿ ಕೂಲಿ ಹುಡುಗರಿಗೆ ಪಂದ್ಯಕ್ಕೆ 400 ರೂಪಾಯಿ ಕೊಟ್ಟು, ಚೆನ್ನೈ, ಮುಂಬೈ, ಗುಜರಾತ್ ತಂಡಗಳ ಅಂಗಿ ತೊಡಿಸಿ, ದೀಪ, ಕ್ಯಾಮೆರಾ ಇಟ್ಟು ‘ಐಪಿಎಲ್’ ಆಡಿಸಿ ಯೂಟ್ಯೂಬಿನಲ್ಲಿ ತೋರಿಸಿದರು. ಹರ್ಷ ಭೋಗ್ಲೆಯವರ ದನಿ ಅನುಕರಿಸುವವನ ವೀಕ್ಷಕ ವಿವರಣೆ, ಪ್ರೇಕ್ಷಕರ ಕೂಗಿನ ರೆಕಾರ್ಡು ಬೇರೆ. ಬಾಜಿ ಕಟ್ಟುತ್ತಿದ್ದವರು ರಷ್ಯಾದ ಟ್ವೇರ್, ವೊರೋನೆಜ್, ಮಾಸ್ಕೋ ನಗರದವರು! ಅಂಪೈರಿಗೆ ವಾಕಿಟಾಕಿಯಲ್ಲಿ ಸೂಚನೆ ಬರುತ್ತಿತ್ತಂತೆ, ಈ ಚೆಂಡಿಗೆ ಬೌಂಡರಿ, ಈ ಚೆಂಡಿಗೆ ಔಟು. ಪೊಲೀಸರು ಬರುವ ಹೊತ್ತಿಗೆ ಕ್ವಾರ್ಟರ್ ಫೈನಲ್ ತಲುಪಿದ್ದರು.

ದನಿಯ ಮಾತು ಬಂತು, ನನ್ನದೂ ಒಂದು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಕೆಲಸದಲ್ಲಿದ್ದಾಗ ‘ಕ್ರೀಡಾ ಸುದ್ದಿ’ ತಾಣವೊಂದರ ಜಾಹೀರಾತನ್ನು ನಾನೇ ಓದಿದ್ದೆ. ಇಪ್ಪತ್ತು ಸೆಕೆಂಡು, ‘ಯುರೋಪಿನಲ್ಲಿ ಮಾನ್ಯತೆ ಪಡೆದ’ ಎಂಬ ಸಾಲನ್ನು ಒತ್ತಿ ಹೇಳಬೇಕೆಂದು ಸೂಚನೆ ಇತ್ತು, ಒತ್ತಿಯೇ ಹೇಳಿದೆ. ಸುದ್ದಿಯ ಹೆಸರಿನಲ್ಲಿ ಬಂದದ್ದು ಬೆಟ್ಟಿಂಗ್ ಎಂದು ಕೇಳಿ ತಿಳಿದುಕೊಳ್ಳುವ ಕಷ್ಟ ತೆಗೆದುಕೊಳ್ಳಲಿಲ್ಲ. 2022ರ ಜೂನ್ ಮತ್ತು ಅಕ್ಟೋಬರಿನಲ್ಲಿ ವಾರ್ತಾ ಇಲಾಖೆ ಇಂಥ ಜಾಹೀರಾತುಗಳ ವಿರುದ್ಧ ಸೂಚನೆ ಹೊರಡಿಸಿದಾಗ ನನಗೆ ಹೊಟ್ಟೆಯೊಳಗೆ ಕಸಿವಿಸಿಯಾಯಿತು. ಈಗಿನ ಕಾಯ್ದೆಯಲ್ಲಿ ಜಾಹೀರಾತಿಗೂ 2 ವರ್ಷದವರೆಗೆ ಸೆರೆ, 50 ಲಕ್ಷದವರೆಗೆ ದಂಡ ಇದೆ. ಆ ಇಪ್ಪತ್ತು ಸೆಕೆಂಡು ಕೇಳಿ ಯಾರು ಎಷ್ಟು ಕಳೆದುಕೊಂಡರೋ ನನಗೆ ತಿಳಿಯುವ ದಾರಿಯಿಲ್ಲ.

ಕಳೆದ ಭಾನುವಾರ ಹುಡುಗನೇ ಫೋನಿಗೆ ಬಂದ. ಎಲ್ಲ ಕೇಳಿಸಿಕೊಂಡು, “ಹಂಗಾದ್ರ ಲಂಡನ್ನಿಗೇ ಹೋಗಿ ಇರಬೇಕಾತು ಬಿಡ್ರೀ ಅಕ್ಕಾರ” ಎಂದ. ಹೋಗು, ಮೊದಲು ಖಾತೆ ಬಿಡಿಸಿಕೋ ಎಂದೆ. ಇಂಥದ್ದು ನಿಮ್ಮ ಮನೆಯಲ್ಲೂ ಆಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ತಡ ಮಾಡಿದಷ್ಟೂ ಹಣ ಮುಂದಿನ ಖಾತೆಗೆ ಜಾರುತ್ತದೆ. ಖಾತೆ ಫ್ರೀಜ್ ಆಗಿದ್ದರೆ ಯಾವ ಠಾಣೆಯ, ಯಾವ ದೂರಿನ ಮೇಲೆ ಎಂಬ ವಿವರವನ್ನು ಬ್ಯಾಂಕಿನಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಬಿಡಿಸಿಕೊಡುತ್ತೇನೆ ಎಂದು ಫೋನು ಮಾಡುವ ಏಜೆಂಟರಿಗೆ ಮತ್ತೆ ದುಡ್ಡು ಕೊಡಬೇಡಿ.

ಹುಡುಗ ದೂರು ಬರೆದುಕೊಟ್ಟಿದ್ದಾನೆ, ಖಾತೆ ಇನ್ನೂ ಬಿಟ್ಟಿಲ್ಲ. ಮಾವ ಮಾತ್ರ ತಮ್ಮ ಕೋರಿಕೆ ಮರೆತಿಲ್ಲ. ಅವರು ಕೇಳಿದ ಭಾವಗೀತೆ ಈಗ ನಿಮಗಾಗಿ.