ಹುಡುಕಾಟದ ಗುಟ್ಟು

ರೋಗಿಯ ಗುಟ್ಟನ್ನು ಕಾಯುವುದು ವೈದ್ಯರಾದ ನಮಗೆ ವೃತ್ತಿಧರ್ಮ. ಆದರೆ ಮನೆಯವರಿಗೂ ಹೇಳದ ಕಾಯಿಲೆಯನ್ನು ನಾವೆಲ್ಲರೂ ಮೊದಲು ಅರುಹುವುದು ಗೂಗಲ್ಲಿಗೆ. ಅದಕ್ಕೆ ಆ ಧರ್ಮದ ಕಟ್ಟುಪಾಡಿಲ್ಲ. ನಾವು ತಡೆಯದಿದ್ದರೆ ಪ್ರಶ್ನೆಯು ನಮ್ಮ ಖಾತೆಯಲ್ಲಿ ಉಳಿಯಬಹುದು.

ಆದ್ದರಿಂದ ಕೆಲವು ತಿಂಗಳುಗಳಿಂದ ನಮ್ಮ ಮನೆಯಲ್ಲಿ ಡಕ್‌ಡಕ್‌ಗೋ ಬಳಸುತ್ತಿದ್ದೇವೆ. 2008ರಲ್ಲಿ ಅಮೆರಿಕದ ಗೇಬ್ರಿಯಲ್ ವೈನ್‌ಬರ್ಗ್ ಆರಂಭಿಸಿದ ಈ ಶೋಧಕಯಂತ್ರವು ಹುಡುಕಿದವರ ಚರಿತ್ರೆಯನ್ನು ಕೂಡಿಡುವುದಿಲ್ಲವೆಂದು ಮಾತು ಕೊಟ್ಟಿದೆ. ಜಾಹೀರಾತನ್ನು ಕೇಳಿದ ಪದಕ್ಕೆ ತಕ್ಕಂತೆ ತೋರಿಸುತ್ತದೆ. ಫಲಿತಾಂಶಗಳು ಬಹುಪಾಲು ಮೈಕ್ರೋಸಾಫ್ಟಿನ ಬಿಂಗ್‌ನಿಂದ ಬರುವುದರಿಂದ ದಿನಬಳಕೆಗೆ ಕೊರತೆಯಿಲ್ಲ. ಕನ್ನಡದಲ್ಲಿ ಹುಡುಕುವಾಗ ಕೆಲವೊಮ್ಮೆ ಹಿಂದೆ ಬೀಳುತ್ತದೆ; ಆಗ ಗೂಗಲ್ಲಿಗೆ ಹೋದರಾಯಿತು. ತೆರೆದ ತಾಣವು ನಮ್ಮನ್ನು ಗುರುತಿಸಬಹುದೆಂಬುದನ್ನೂ ಮರೆಯಬಾರದು.

ಗುಟ್ಟು ಉಳಿದರೂ ನಾಡಿ ಹಿಡಿಯುವುದು ಯಂತ್ರಕ್ಕೆ ಸಾಧ್ಯವಿಲ್ಲ. ಎದೆನೋವು ಬಂದಾಗ ಹುಡುಕುತ್ತ ಕೂರದೆ ಆಂಬುಲೆನ್ಸ್ ಕರೆಯಿಸಿರಿ.